ಪಾಮ್ ಗಿಡ ಬೇಕಂದ್ರ ಲಾರಿಗೆ ಕಾಯಬ್ಯಾಡ್ರಿ, ಬೀಜ ಹಾಕ್ರಿ

ರಾಯಚೂರಿನಿಂದ ಮಾನ್ವಿ ಕಡೆಗೋ, ದೇವದುರ್ಗ ಕಡೆಗೋ ಬೈಕ್ ಹತ್ತಿ ಹೊರಟರೆ ದಾರಿಯಲ್ಲಿ ಒಂದು ಗಿಡ ಕಣ್ಣಿಗೆ ಬೀಳದೇ ಇರೋದಿಲ್ಲ. ಹೊಸ ಲೇಔಟಿನ ಗೇಟಿಗೆ ಎರಡೂ ಬದಿ ಪಾಮ್. ಕಲ್ಯಾಣ ಮಂಟಪದ ಮುಂದೆ ಪಾಮ್. ಪೆಟ್ರೋಲ್ ಬಂಕ್, ಢಾಬಾ, ಶಾಲೆ, ದೇವಸ್ಥಾನದ ಅಂಗಳ, ಎಲ್ಲಾ ಕಡೆ ಪಾಮ್. ಹತ್ತು ಹದಿನೈದು ವರ್ಷದ ಹಿಂದೆ ದೊಡ್ಡ ಊರಿನವರ ಶೋಕಿ ಅನ್ನಿಸಿಕೊಂಡಿದ್ದ ಗಿಡ ಈಗ ಹಳ್ಳಿಯ ಹೊಸ ಮನೆಯ ಕಾಂಪೌಂಡಿನೊಳಗೂ ಬಂದದ.

ಈ ಗಿಡ ಎಲ್ಲಿಂದ ಬರುತ್ತವೆ ಅಂತ ಕೇಳಿ ನೋಡ್ರಿ. ಬಹಳಷ್ಟು ಸಲ ಸಿಗುವ ಉತ್ತರ ಒಂದೇ: ಆಂಧ್ರದ ಲಾರಿ. ರಾಜಮಹೇಂದ್ರವರಂ ಪಕ್ಕದ ಕಡಿಯಂ ಅನ್ನುವ ಊರು ನರ್ಸರಿಗಳಿಗೇ ಹೆಸರಾದದ್ದು. ಗೋದಾವರಿ ನೀರು, ಮೆತ್ತನೆಯ ಹವೆ, ತಲೆಮಾರುಗಳ ಅನುಭವ, ಎಲ್ಲಾ ಅಲ್ಲಿದೆ. ಅವರ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಮಲ್ಲಟದ ಹಳ್ಳದ ದಂಡೆಯಲ್ಲಿ ಪಾಮ್ ಜಾತಿಯದೇ ಆದ ಈಚಲ ಗಿಡ ಯಾರೂ ನೀರು ಹಾಕದೆ, ಗೊಬ್ಬರ ಕೊಡದೆ ನಿಂತಿರುವಾಗ, ನಾವು ನೂರಾರು ಕಿಲೋಮೀಟರ್ ದೂರದಿಂದ ಬಂದ ಗಿಡಕ್ಕೆ ದುಡ್ಡು ಎಣಿಸಿ, ಮೊದಲ ಬೇಸಿಗೆಯಲ್ಲೇ ಅದು ಒಣಗೋದನ್ನು ನೋಡುತ್ತಾ ಕೂರೋದು ಯಾವ ನ್ಯಾಯ?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಅಲಂಕಾರಿಕ ಪಾಮ್ ನಮ್ಮ ಭಾಗದ ಯುವ ರೈತರಿಗೆ ಒಳ್ಳೆಯ ಉಪಕಸುಬು. ಆದರೆ ಅದನ್ನು ಬೀಜದಿಂದ ಶುರು ಮಾಡಬೇಕು, ಗಿಡ ತಂದು ಮಾರುವುದರಿಂದ ಅಲ್ಲ. ಮೊದಲ ಬೀಜ ನಮ್ಮದೇ ಈಚಲದ್ದಾಗಬೇಕು. ಹಳ್ಳದಲ್ಲಿ ನಿಂತ ದೊಡ್ಡ ಈಚಲವನ್ನು ಜೆಸಿಬಿ ಹಚ್ಚಿ ಕಿತ್ತು ಮಾರುವ ದಂಧೆಗೆ ನಾವು ಕೈ ಹಾಕಬಾರದು. ಯಾಕೆ, ಹೇಗೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ಪಾಮ್‌ಗೆ ಕಸಿ ಇಲ್ಲ, ಕಡ್ಡಿ ಇಲ್ಲ

ಮಾವಿಗೆ ಕಸಿ ಕಟ್ಟಬಹುದು. ದಾಸವಾಳದ ಕಡ್ಡಿ ಊರಬಹುದು. ಪಾಮ್‌ಗೆ ಎರಡೂ ನಡೆಯೋದಿಲ್ಲ. ಪಾಮ್ ಗಿಡಕ್ಕೆ ಬೆಳೆಯುವ ಜೀವ ಇರೋದು ಒಂದೇ ಕಡೆ, ತುದಿಯ ಸುಳಿಯಲ್ಲಿ. ಸುಳಿ ಸತ್ತರೆ ಒಂಟಿ ಕಾಂಡದ ಪಾಮ್ ಸತ್ತಂತೆ. ಅರೇಕಾ ಪಾಮ್‌ನಂತೆ ಬುಡದಲ್ಲಿ ಗುಂಪಾಗಿ ಮರಿ ಹೊಡೆಯುವ ಜಾತಿಗಳನ್ನು ಮಾತ್ರ ಒಡೆದು ನೆಡಬಹುದು. ಉಳಿದ ರಾಯಲ್ ಪಾಮ್, ಫಾಕ್ಸ್‌ಟೇಲ್, ಫ್ಯಾನ್ ಪಾಮ್, ವಾಷಿಂಗ್ಟೋನಿಯಾ, ಈಚಲ, ಎಲ್ಲಕ್ಕೂ ದಾರಿ ಬೀಜ ಒಂದೇ.

ಅಂದರೆ ಕಡಿಯಂ ನರ್ಸರಿಯವರ ಹತ್ತಿರ ಇರುವ ಗುಟ್ಟೂ ಬೀಜವೇ. ಅದು ನಮ್ಮ ಕೈಗೂ ಸಿಗುವ ವಸ್ತು. ಇದರಲ್ಲಿ ಲ್ಯಾಬ್ ಬೇಕಿಲ್ಲ, ದೊಡ್ಡ ಮಷೀನ್ ಬೇಕಿಲ್ಲ. ಬೇಕಾಗಿರೋದು ತಾಜಾ ಬೀಜ, ಬಿಸಿ, ಹದವಾದ ತೇವ, ಮತ್ತೆ ತಾಳ್ಮೆ. ಬಿಸಿಯ ವಿಷಯದಲ್ಲಿ ರಾಯಚೂರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ! ಹೆಚ್ಚಿನ ಪಾಮ್ ಬೀಜಗಳು 30ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಮೊಳೆಯುತ್ತವೆ. ತಣ್ಣಗಿನ ದೇಶಗಳಲ್ಲಿ ಇದಕ್ಕೆ ಟ್ರೇ ಕೆಳಗೆ ಕರೆಂಟಿನ ಹೀಟರ್ ಇಡುತ್ತಾರೆ. ನಮಗೆ ನೆರಳು ಮಾಡಿಕೊಂಡರೆ ಸಾಕು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. "ಖರ್ಜೂರ ಬೀಜದಿಂದ ಹಾಕಿದ್ರ ಅರ್ಧ ಗಂಡು ಗಿಡ ಬರ್ತಾವ, ಲಾಸು" ಅಂತ ಕೇಳಿರ್ತೀರಿ. ಅದು ಹಣ್ಣಿಗೆ ಬೆಳೆಯುವವರ ಮಾತು. ಅವರಿಗೆ ಹೆಣ್ಣು ಗಿಡ ಬೇಕು, ಒಂದೇ ತಳಿಯ ಹಣ್ಣು ಬೇಕು, ಅದಕ್ಕೆ ಬುಡದ ಮರಿ ಅಥವಾ ಟಿಶ್ಯೂ ಕಲ್ಚರ್ ಸಸಿ ತರುತ್ತಾರೆ. ಗೇಟಿನ ಮುಂದೆ ಅಂದಕ್ಕೆ ನಿಲ್ಲುವ ಗಿಡ ಗಂಡಾದರೇನು, ಹೆಣ್ಣಾದರೇನು? ಗಂಡಾದರೆ ಹಣ್ಣು ಉದುರಿ ಅಂಗಳ ಗಲೀಜಾಗೋದಿಲ್ಲ ಅಂತ ಗಿರಾಕಿ ಖುಷಿಯೂ ಪಡಬಹುದು.

ಹಳ್ಳದ ಈಚಲ ಕೀಳಬ್ಯಾಡ್ರಿ

ಈಚಲ ಅಂದ ಕೂಡಲೇ ನಮ್ಮ ಕಡೆ ಜನಕ್ಕೆ ನೆನಪಾಗೋದು ಸೇಂದಿ. ಕಲಬೆರಕೆ ಸೇಂದಿ, ಸಿಎಚ್ ಪೌಡರ್, ಅಬಕಾರಿ ದಾಳಿ. ಈ ಕೆಟ್ಟ ಹೆಸರಿನ ಕಾರಣಕ್ಕೆ ಈಚಲ ಗಿಡವನ್ನೇ ಬೇಡದ ಗಿಡ ಅಂತ ಕಡಿದು ಹಾಕಿದವರಿದ್ದಾರೆ. ತಪ್ಪು ಗಿಡದ್ದಲ್ಲ. ಇದೇ ಗಿಡ ನಮ್ಮ ಅಜ್ಜಿಯರಿಗೆ ಚಾಪೆ ಕೊಟ್ಟಿದೆ, ಬುಟ್ಟಿ ಕೊಟ್ಟಿದೆ, ಕಸಬರಿಗೆ ಕೊಟ್ಟಿದೆ. ಹಳ್ಳದ ದಂಡೆಯ ಮಣ್ಣು ಕೊಚ್ಚಿಹೋಗದಂತೆ ಹಿಡಿದಿದೆ. ಗೀಜಗ ಹಕ್ಕಿಗೆ ಗೂಡು ಕಟ್ಟಲು ಜಾಗ ಕೊಟ್ಟಿದೆ. ಹಣ್ಣು ಆದಾಗ ಹಕ್ಕಿ, ಬಾವಲಿ, ನರಿಗೆ ಊಟ, ನಮ್ಮ ಹುಡುಗರಿಗೂ ಊಟ.

ಇದೇ ಈಚಲ ಅಮೆರಿಕದ ಫ್ಲೋರಿಡಾದಲ್ಲಿ 'ಸಿಲ್ವೆಸ್ಟರ್ ಪಾಮ್' ಅನ್ನುವ ಹೆಸರಿನಲ್ಲಿ ಹೋಟೆಲ್, ರಸ್ತೆ, ಬಂಗಲೆಗಳ ಮುಂದೆ ನಿಲ್ಲುವ ಬೇಡಿಕೆಯ ಗಿಡ. ಅದರ ಸಸ್ಯಶಾಸ್ತ್ರದ ಹೆಸರು ಫೀನಿಕ್ಸ್ ಸಿಲ್ವೆಸ್ಟ್ರಿಸ್, ಅಂದರೆ ಕಾಡಿನ ಖರ್ಜೂರ. ವಜ್ರದಾಕಾರದ ಗುರುತುಗಳ ಕಾಂಡ, ಮೇಲೆ ಬೂದು-ಹಸಿರು ಗರಿಗಳ ಗುಂಡು ತಲೆ. ನಮಗೆ ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗೆ ಆಗಿದೆ, ಅಷ್ಟೇ.

ಬೆಲೆ ಗೊತ್ತಾದಾಗ ಶುರುವಾಗೋದು ಇನ್ನೊಂದು ಅಪಾಯ. ಬೆಳೆದು ನಿಂತ ಈಚಲವನ್ನು ಬುಡಸಮೇತ ಎತ್ತಿ ರೆಸಾರ್ಟಿಗೆ, ಫಾರ್ಮ್‌ಹೌಸಿಗೆ ಸಾಗಿಸುವವರು ಬರುತ್ತಾರೆ. ಹೊಲದ ಬದುವಿನ ಗಿಡಕ್ಕೆ ಕೈಯಲ್ಲಿ ನಾಲ್ಕು ನೋಟು ಇಡುತ್ತಾರೆ. ನಾವು "ಹೆಂಗಿದ್ರೂ ಬಿದ್ದಿತ್ತು" ಅಂತ ಕೊಟ್ಟುಬಿಡುತ್ತೇವೆ. ಈಚಲ ಆ ಎತ್ತರಕ್ಕೆ ಬರಲು ಎಷ್ಟೋ ವರ್ಷ ತೆಗೆದುಕೊಂಡಿರುತ್ತದೆ. ಕಿತ್ತ ಗುಂಡಿ ಮುಂದಿನ ಮಳೆಗೆ ಕೊರಕಲಾಗುತ್ತದೆ. ಹಳ್ಳದ ದಂಡೆ ಬಹುತೇಕ ಸರ್ಕಾರದ್ದು, ಅಲ್ಲಿನ ಗಿಡಕ್ಕೆ ಕೈ ಹಚ್ಚೋದು ಕಾನೂನಿನ ಪ್ರಕಾರವೂ ತಪ್ಪು. ಸ್ವಂತ ಹೊಲದ್ದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ನೋದು ಇದೆ. ಅರಣ್ಯ ಇಲಾಖೆಯವರನ್ನು ಕೇಳದೆ ಮುಂದಕ್ಕೆ ಹೋಗಬ್ಯಾಡ್ರಿ.

ಇದಕ್ಕೆ ತಿರುಗುಮುರುಗಿನ ಕಥೆಯೊಂದು ಆಸ್ಟ್ರೇಲಿಯಾದಲ್ಲಿದೆ. ಈಗ ನಮ್ಮ ನರ್ಸರಿಗಳಲ್ಲೂ ಸಿಗುವ ಫಾಕ್ಸ್‌ಟೇಲ್ ಪಾಮ್ ಅಲ್ಲಿನ ಕ್ವೀನ್ಸ್‌ಲ್ಯಾಂಡಿನ ಕೇಪ್ ಮೆಲ್ವಿಲ್ ಅನ್ನುವ ಸಣ್ಣ ಪ್ರದೇಶದ ಗಿಡ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದೇ 1983ರಲ್ಲಿ. ಅದರ ಅಂದ ಗೊತ್ತಾದ ಮೇಲೆ ಕಾಡಿನಿಂದ ಬೀಜ ಕದ್ದು ಮಾರುವ ದಂಧೆ ನಡೆಯಿತು. ಆಮೇಲೆ ನರ್ಸರಿಯಲ್ಲಿ ಬೆಳೆದ ಗಿಡಗಳೇ ಬೀಜ ಕೊಡಲು ಶುರು ಮಾಡಿದವು, ಪ್ರಪಂಚದ ತುಂಬ ಹಬ್ಬಿತು. ಈಗ ಅದರ ಬೀಜಕ್ಕಾಗಿ ಕಾಡಿಗೆ ಹೋಗುವ ಅವಶ್ಯಕತೆಯೇ ಉಳಿದಿಲ್ಲ. ಬೆಳೆಸುವವರು ಹೆಚ್ಚಾದರೆ ಕೀಳುವವರ ಕೈ ಕಟ್ಟುತ್ತದೆ. ಈಚಲಕ್ಕೂ ಇದೇ ಮಾತು.

ದೊಡ್ಡ ಗಿಡದ ಜೊತೆ ಹುಳವೂ ಬರ್ತದ

ಬೀಜ ಯಾಕೆ, ಗಿಡ ಯಾಕೆ ಬೇಡ ಅನ್ನುವುದಕ್ಕೆ ಇನ್ನೊಂದು ಗಟ್ಟಿ ಕಾರಣ ಕೆಂಪು ಮೂತಿ ಹುಳು. ತೆಂಗು ಬೆಳೆಯುವವರಿಗೆ ಇದು ಗೊತ್ತು. ಕಾಂಡದೊಳಗೆ ಮೊಟ್ಟೆ ಇಟ್ಟು, ಮರಿ ಒಳಗೊಳಗೇ ತಿಂದು, ಹೊರಗೆ ಗೊತ್ತಾಗುವ ಹೊತ್ತಿಗೆ ಸುಳಿ ಬಿದ್ದಿರುತ್ತದೆ. ನಮ್ಮ ದಕ್ಷಿಣ ಏಷ್ಯಾದ ಈ ಹುಳ 1980ರ ದಶಕದ ಮಧ್ಯದಲ್ಲಿ ಕೊಲ್ಲಿ ದೇಶಗಳ ಖರ್ಜೂರದ ತೋಟಗಳಲ್ಲಿ ಕಾಣಿಸಿಕೊಂಡಿತು. 1990ರ ದಶಕದಲ್ಲಿ ಈಜಿಪ್ಟ್, ಸ್ಪೇನ್ ಮುಟ್ಟಿತು. ಆಮೇಲೆ ಮೆಡಿಟರೇನಿಯನ್ ಸುತ್ತಲಿನ ದೇಶಗಳಲ್ಲಿ ರಸ್ತೆ ಬದಿಯ, ಉದ್ಯಾನದ ಪಾಮ್‌ಗಳನ್ನೇ ಸಾಲುಸಾಲಾಗಿ ಕೆಡವಿತು. ಅಷ್ಟು ದೂರ ಅದು ಹಾರಿ ಹೋಗಲಿಲ್ಲ. ಅಲಂಕಾರಕ್ಕೆ ಅಂತ ಸಾಗಿಸಿದ ಪಾಮ್ ಗಿಡಗಳ ಕಾಂಡದೊಳಗೆ ಕೂತು ಹೋಯಿತು.

ಲಾರಿಯಲ್ಲಿ ಬಂದ ದಪ್ಪ ಬುಡದ ಗಿಡವನ್ನು ಪರೀಕ್ಷೆ ಮಾಡದೆ ನಮ್ಮ ತೆಂಗಿನ ಪಕ್ಕ ನೆಟ್ಟರೆ ಇದೇ ಕಥೆ ನಮ್ಮ ಹೊಲದಲ್ಲೂ ನಡೀಬಹುದು. ಸ್ವಚ್ಛ ಮಾಡಿದ ಬೀಜದ ಒಳಗೆ ಕೆಂಪು ಮೂತಿ ಹುಳು ಕೂತು ಬರೋದಿಲ್ಲ.

ನಮ್ಮ ಮಣ್ಣು, ನಮ್ಮ ನೀರು: ಯಾವುದು ಸೈ?

ಯೂಟ್ಯೂಬಿನಲ್ಲಿ ಕೇರಳದ್ದೋ ಕರಾವಳಿಯದ್ದೋ ವಿಡಿಯೋ ನೋಡಿ ಜಾತಿ ಆರಿಸಬ್ಯಾಡ್ರಿ. ಅಲ್ಲಿನ ಮಳೆ ಬೇರೆ, ನಮ್ಮದು ಬೇರೆ. ಏಪ್ರಿಲ್–ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಕಾಲುವೆ ನೀರು ಬಂದಾಗ ಬರುತ್ತದೆ, ಇಲ್ಲದಾಗ ಬೋರ್. ಬೋರಿನ ನೀರು ಎಷ್ಟೋ ಕಡೆ ಸವಳು. ಕಾಲುವೆಯ ಕೆಳಭಾಗದ ಎರಿ ಭೂಮಿಯಲ್ಲಿ ಉಪ್ಪು ಮೇಲೆದ್ದಿರೋದನ್ನು ನೀವೇ ನೋಡಿದ್ದೀರಿ.

ಹಾಗಾಗಿ ಮೊದಲು ಮಾಡಬೇಕಾದ ಖರ್ಚು ಬೀಜಕ್ಕಲ್ಲ, ನೀರಿನ ಪರೀಕ್ಷೆಗೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ, ಇಸಿ ಮತ್ತು ಪಿಎಚ್ ಎರಡೂ ಬರೆಸಿಕೊಳ್ರಿ. ಇಸಿ 1ರ ಒಳಗಿದ್ದರೆ ನೆಮ್ಮದಿ. 2 ದಾಟಿದರೆ ನಾಜೂಕಿನ ಜಾತಿಗಳ ಆಸೆ ಬಿಡಬೇಕು.

ನನ್ನ ಲೆಕ್ಕದಲ್ಲಿ ಜಾತಿಗಳ ಸಾಲು ಹೀಗೆ:

ಈಚಲ: ಬಿಸಿಲು, ಬರ, ಸವಳು ಮೂರನ್ನೂ ತಡೆಯುವ ಗಿಡ. ಬೀಜ ಪುಕ್ಕಟೆ. ಬೆಳವಣಿಗೆ ನಿಧಾನ. ಗರಿಯ ಬುಡದಲ್ಲಿ ಮುಳ್ಳು, ಹಾಗಾಗಿ ಮಕ್ಕಳು ದನ ಓಡಾಡುವ ದಾರಿಗೆ ಬೇಡ. ಮೊದಲ ಪಾಠಕ್ಕೆ ಇದೇ ಸರಿ.

ವಾಷಿಂಗ್ಟೋನಿಯಾ: ಬೀಸಣಿಗೆಯಂಥ ಎಲೆ, ಬಿಸಿಲಿಗೆ ಗಟ್ಟಿ. ಬಹಳ ಬೇಗ ಮೊಳೆಯುತ್ತದೆ, ಬೇಗ ಎತ್ತರಕ್ಕೆ ಹೋಗುತ್ತದೆ. ಕಲಿಯುವವರಿಗೆ ಧೈರ್ಯ ಕೊಡುವ ಗಿಡ.

ಫಾಕ್ಸ್‌ಟೇಲ್: ನೀರು ಬಸಿದು ಹೋಗುವ ಮಸಾರಿ ಮಣ್ಣಿನಲ್ಲಿ ಚೆನ್ನಾಗಿ ಬರುತ್ತದೆ. ಎರಿ ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗಿರಾಕಿಗೆ ಇಷ್ಟದ ಗಿಡ.

ರಾಯಲ್ ಪಾಮ್: ನಮ್ಮ ಕಡೆ ಇದನ್ನೇ 'ಬಾಟಲ್ ಪಾಮ್' ಅನ್ನುತ್ತಾರೆ. ನಿಜವಾದ ಬಾಟಲ್ ಪಾಮ್ ಬೇರೆ, ಕುಳ್ಳಗೆ ಹೊಟ್ಟೆ ಉಬ್ಬಿದ ಗಿಡ. ಮಾರುವಾಗ ಹೆಸರು ಸರಿಯಾಗಿ ಹೇಳ್ರಿ, ಇಲ್ಲಾಂದ್ರೆ ಜಗಳ. ರಾಯಲ್ ಪಾಮ್‌ಗೆ ನೀರು ಜಾಸ್ತಿ ಬೇಕು. ಸುಣ್ಣದ ಅಂಶ ಹೆಚ್ಚಿರುವ ಎರಿ ಮಣ್ಣಿನಲ್ಲಿ ಮ್ಯಾಂಗನೀಸ್ ಸಿಗದೆ ಹೊಸ ಗರಿ ಸುಟ್ಟಂತೆ ಮುದುಡುತ್ತದೆ.

ಅರೇಕಾ ಪಾಮ್: ಹೆಸರು ಅರೇಕಾ ಆದರೂ ಇದು ನಮ್ಮ ಅಡಿಕೆ ಅಲ್ಲ, ಮಡಗಾಸ್ಕರ್ ಮೂಲದ ಕುಂಡದ ಗಿಡ. ಮಾರಾಟ ಸಲೀಸು, ಆದರೆ ಸವಳು ನೀರಿಗೆ ಎಲೆ ತುದಿ ಕಂದಾಗುತ್ತದೆ, ನೇರ ಬಿಸಿಲಿಗೆ ಹಳದಿ ತಿರುಗುತ್ತದೆ. ಸಿಹಿ ನೀರು, ನೆರಳು ಪರದೆ ಎರಡೂ ಇದ್ದವರು ಮಾತ್ರ ಮಾಡ್ರಿ.

ಬೀಜದ ವಿಷಯದಲ್ಲಿ ಮೋಸ ಹೋಗಬ್ಯಾಡ್ರಿ

ಹೆಚ್ಚಿನ ಅಲಂಕಾರಿಕ ಪಾಮ್ ಬೀಜಗಳು ಜೋಳ, ತೊಗರಿಯಂತೆ ಒಣಗಿಸಿ ಡಬ್ಬಿಯಲ್ಲಿ ಇಡುವ ಬೀಜ ಅಲ್ಲ. ಒಣಗಿದಷ್ಟೂ ಜೀವ ಹೋಗುತ್ತದೆ, ಕೆಲವು ಜಾತಿಗಳಲ್ಲಿ ಕೆಲವೇ ವಾರಗಳಲ್ಲಿ. ಆನ್‌ಲೈನಿನಲ್ಲಿ ಬಣ್ಣದ ಚಿತ್ರ ಹಾಕಿ ಮಾರುವ ಪ್ಯಾಕೆಟ್ ಮೇಲೆ ಬೀಜ ಕೊಯ್ದ ತಾರೀಖು ಇದೆಯಾ ನೋಡ್ರಿ. ಇಲ್ಲದಿದ್ದರೆ ತಗೋಬ್ಯಾಡ್ರಿ. ಅಷ್ಟೇ ಸರಳ.

ಈಚಲ, ಖರ್ಜೂರದ ಕುಲ ಮಾತ್ರ ಇದಕ್ಕೆ ಹೊರತು. ಇವುಗಳ ಬೀಜ ಗಟ್ಟಿ, ಒಣಗಿದರೂ ಬಹಳ ಕಾಲ ಬದುಕುತ್ತದೆ. ಇಸ್ರೇಲಿನ ಮಸಾದಾ ಕೋಟೆಯ ಅವಶೇಷದಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವನ್ನು 2005ರಲ್ಲಿ ಹಾಕಿದಾಗ ಅದು ಮೊಳೆತು ಗಿಡವಾಯಿತು. ನಮ್ಮ ಈಚಲ ಅದೇ ಮನೆತನದ್ದು. ಹಾಗಂತ ಹಳೆಯದನ್ನೇ ಹುಡುಕಬೇಕಿಲ್ಲ, ಈ ವರ್ಷದ ಹಣ್ಣಿನ ಬೀಜವೇ ಶ್ರೇಷ್ಠ.

ತಾಯಿಗಿಡ ನೋಡಿ ಬೀಜ ಆರಿಸ್ರಿ. ನೆಟ್ಟಗಿನ ಕಾಂಡ, ತುಂಬಿದ ತಲೆ, ರೋಗ ಇಲ್ಲದ ಗಿಡ. ಪಕ್ಕದಲ್ಲಿ ಖರ್ಜೂರದ ತೋಟ ಇದ್ದರೆ ಈಚಲ ಅದರ ಜೊತೆ ಮಿಶ್ರವಾಗಬಹುದು, ಸಸಿಗಳು ಒಂದೇ ಥರ ಬರಲಿಕ್ಕಿಲ್ಲ. ಹಣ್ಣು ಪೂರ್ತಿ ಬಣ್ಣ ತಿರುಗಿ ಉದುರಲು ಶುರುವಾದ ಮೇಲೆ ಆರಿಸಿಕೊಳ್ರಿ. ಒಂದೇ ಗಿಡದಿಂದ ಎಲ್ಲಾ ಬಾಚಬ್ಯಾಡ್ರಿ. ಹಕ್ಕಿಗೂ ಪಾಲಿದೆ.

ಪರೀಕ್ಷೆ ಹೀಗೆ: ಹತ್ತು ಬೀಜ ತೆಗೆದು ಕತ್ತರಿಸಿ ನೋಡ್ರಿ. ಒಳಗೆ ಬಿಳಿ, ಗಟ್ಟಿ ತಿರುಳು ಇದ್ದರೆ ಒಳ್ಳೇದು. ಕಂದು, ಪೊಳ್ಳು, ವಾಸನೆ ಇದ್ದರೆ ಆ ಲಾಟೇ ಬೇಡ. ನೀರಿನಲ್ಲಿ ತೇಲಿದ್ದೆಲ್ಲಾ ಕೆಟ್ಟದ್ದು ಅನ್ನುವ ಮಾತು ಅರ್ಧ ಸತ್ಯ. ಕೆಲವು ಜಾತಿಗಳ ಒಳ್ಳೆ ಬೀಜವೂ ತೇಲುತ್ತದೆ. ಕತ್ತರಿಸಿ ನೋಡೋದೇ ನಂಬಿಕೆಯ ದಾರಿ.

ಬಿತ್ತುವ ಕ್ರಮ

ಮೊದಲು ತಿರುಳು ತೆಗೀಬೇಕು. ಹಣ್ಣನ್ನು ಎರಡು ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಾಯಿಸಿ, ಮರಳಿನ ಜೊತೆ ಉಜ್ಜಿದರೆ ಬೀಜ ಸ್ವಚ್ಛವಾಗುತ್ತದೆ. ತಿರುಳು ಉಳಿದರೆ ಬೂಸ್ಟು ಹಿಡಿಯುತ್ತದೆ, ಇರುವೆ ಬರುತ್ತದೆ. ಬೈನೆ ಮರದ ಹಣ್ಣು ಬರಿಗೈಯಲ್ಲಿ ಮುಟ್ಟಬ್ಯಾಡ್ರಿ. ಅದರ ತಿರುಳಿನಲ್ಲಿರುವ ಸೂಜಿಯಂಥ ಹರಳುಗಳಿಂದ ವಿಪರೀತ ತುರಿಕೆ. ಕೈಗವಸು ಹಾಕಿಕೊಳ್ರಿ.

ಬಿತ್ತುವ ಮಿಶ್ರಣಕ್ಕೆ ಬರೀ ಎರಿ ಮಣ್ಣು ಬೇಡ. ಒಣಗಿದರೆ ಬಿರುಕು, ನೆನೆದರೆ ಕೆಸರು. ನಮ್ಮ ಜಿಲ್ಲೆಯ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ. ಅರೆಸುಟ್ಟ ಕರಿ ಹೊಟ್ಟನ್ನು ಎರಡು ಮೂರು ಸಲ ತೊಳೆದು, ಅದರ ಜೊತೆ ದಪ್ಪ ಮರಳು, ಸ್ವಲ್ಪ ಎರೆಹುಳು ಗೊಬ್ಬರ ಸೇರಿಸಿದರೆ ಹಗುರವಾದ, ನೀರು ಬಸಿಯುವ ಮಿಶ್ರಣ ಆಗುತ್ತದೆ. ಕೋಕೋಪೀಟ್ ಕೊಳ್ಳುವವರು ಅದನ್ನೂ ತೊಳೆದೇ ಬಳಸಬೇಕು, ಅದರಲ್ಲೂ ಉಪ್ಪಿರುತ್ತದೆ. ಟ್ರೈಕೋಡರ್ಮಾ ಬೆರೆಸಿದರೆ ಸಸಿ ಕೊಳೆರೋಗದ ಭಯ ಕಡಿಮೆ.

ಬೀಜವನ್ನು ಅಡ್ಡ ಮಲಗಿಸಿ, ಅದರ ದಪ್ಪದಷ್ಟೇ ಮಿಶ್ರಣ ಮುಚ್ಚಿದರೆ ಸಾಕು. ಆಳಕ್ಕೆ ಹೂಳಬ್ಯಾಡ್ರಿ. ತೇವ ಇರಬೇಕು, ನೀರು ನಿಲ್ಲಬಾರದು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ಹದ. ಕೆಲವೇ ಬೀಜ ಇದ್ದರೆ ಪ್ಲಾಸ್ಟಿಕ್ ಜಿಪ್ ಕವರಿನಲ್ಲಿ ಒದ್ದೆ ಕೋಕೋಪೀಟ್ ಹಾಕಿ, ಬೀಜ ಸೇರಿಸಿ, ತಾರೀಖು ಬರೆದು ನೆರಳಲ್ಲಿ ಇಡಬಹುದು. ವಾರಕ್ಕೊಮ್ಮೆ ತೆಗೆದು ನೋಡಿದರೆ ಮೊಳಕೆ ಬಂದದ್ದು ಗೊತ್ತಾಗುತ್ತದೆ.

ಕಾಲ: ಮಾರ್ಚ್‌ನಿಂದ ಆಗಸ್ಟ್‌ವರೆಗೆ ಒಳ್ಳೇದು. ಡಿಸೆಂಬರ್–ಜನವರಿಯ ರಾತ್ರಿ ಚಳಿಗೆ ಮೊಳಕೆ ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಬಿತ್ತಿದರೆ 50 ಪರ್ಸೆಂಟ್ ನೆರಳು ಪರದೆ ಕಡ್ಡಾಯ, ನೇರ ಬಿಸಿಲಿಗೆ ಇಟ್ಟ ಟ್ರೇಯಲ್ಲಿ ಬೀಜ ಬೆಂದೇ ಹೋಗುತ್ತದೆ. ಇಲಿ, ಅಳಿಲಿಗೆ ಮೇಲೊಂದು ಜಾಲರಿ ಮುಚ್ಚಿರಿ.

ಎಷ್ಟು ದಿನ ಕಾಯಬೇಕು? ವಾಷಿಂಗ್ಟೋನಿಯಾ ಎರಡರಿಂದ ಆರು ವಾರ. ಅರೇಕಾ ಪಾಮ್ ಒಂದರಿಂದ ಎರಡು ತಿಂಗಳು. ಈಚಲ ಒಂದರಿಂದ ಮೂರು ತಿಂಗಳು. ರಾಯಲ್ ಪಾಮ್ ಎರಡು ಮೂರು ತಿಂಗಳು. ಫಾಕ್ಸ್‌ಟೇಲ್ ಎರಡು ತಿಂಗಳಿಂದ ಶುರುವಾಗಿ ಕೆಲವು ಬೀಜ ವರ್ಷವಿಡೀ ಕಾಯಿಸುತ್ತವೆ. ಒಂದೇ ದಿನ ಬಿತ್ತಿದ ಬೀಜ ಒಂದೇ ದಿನ ಏಳೋದಿಲ್ಲ, ಇದು ಪಾಮ್‌ನ ಸ್ವಭಾವ. "ಬಂದಿಲ್ಲ" ಅಂತ ಎರಡನೇ ತಿಂಗಳಲ್ಲಿ ಟ್ರೇ ಚೆಲ್ಲುವವರೇ ಹೆಚ್ಚು. ಚೆಲ್ಲುವ ಮುಂಚೆ ಒಂದೆರಡು ಬೀಜ ಕತ್ತರಿಸಿ ನೋಡ್ರಿ. ತಿರುಳು ಗಟ್ಟಿ ಇದ್ದರೆ ಕಾಯ್ರಿ.

ಇನ್ನೊಂದು ಮುಖ್ಯ ವಿಷಯ. ಈಚಲ, ವಾಷಿಂಗ್ಟೋನಿಯಾದಂಥ ಜಾತಿಗಳಲ್ಲಿ ಬೀಜ ಇದ್ದ ಜಾಗದಲ್ಲೇ ಸಸಿ ಏಳೋದಿಲ್ಲ. ಬೀಜದಿಂದ ದಾರದಂಥ ಒಂದು ಬಿಳಿ ಕೊಳವೆ ಕೆಳಕ್ಕೆ ಇಳಿದು, ಅದರ ತುದಿಯಿಂದ ಬೇರು ಕೆಳಗೆ, ಎಲೆ ಮೇಲೆ ಬರುತ್ತದೆ. ಅದನ್ನು ಬೇರು ಅಂದುಕೊಂಡು ಎಳೆದರೆ ಮುರಿಯಿತು, ಗಿಡ ಹೋಯಿತು. ಆಳ ಇಲ್ಲದ ಟ್ರೇ ಇಂಥವಕ್ಕೆ ಸರಿಯಲ್ಲ. ಹತ್ತು ಹನ್ನೆರಡು ಇಂಚು ಉದ್ದದ ಪಾಲಿಥಿನ್ ಚೀಲ ಬೇಕು. ಮೊದಲ ಎಲೆ ಬಂದ ಕೂಡಲೇ, ಬೇರು ಉದ್ದವಾಗುವ ಮುಂಚೆ, ಬೀಜ ಕಳಚದಂತೆ ಚೀಲಕ್ಕೆ ವರ್ಗಾಯಿಸಿರಿ. ಬೀಜದಲ್ಲಿ ಉಳಿದ ಆಹಾರ ಸಸಿಗೆ ಇನ್ನೂ ಕೆಲವು ವಾರ ಬೇಕು.

ಮೊದಲ ಎರಡು ವರ್ಷ

ತಿಪ್ಪೆಗೊಬ್ಬರ ಪೂರ್ತಿ ಕೊಳೆತದ್ದೇ ಇರಲಿ, ಜರಡಿ ಹಿಡಿಯಿರಿ. ಗೊಣ್ಣೆಹುಳು ಬಂದರೆ ಎಳೆಬೇರು ಉಳಿಯೋದಿಲ್ಲ. ತಿಪ್ಪೆ ರೈನೋಸರಸ್ ದುಂಬಿಯ ಹೆರಿಗೆಮನೆ ಕೂಡ. ಗುಂಡಿಗೆ ಮೆಟಾರೈಜಿಯಂ ಹಾಕೋದು ನಿಮ್ಮ ತೆಂಗಿಗೂ ಒಳ್ಳೇದು.

ಎಲೆ ಹಳದಿಯಾದರೆ ಡಿಎಪಿ ಎರಚಬ್ಯಾಡ್ರಿ. ಮೊದಲು ಯಾವ ಎಲೆ ಅಂತ ನೋಡ್ರಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಪಿಎಚ್ ಹೆಚ್ಚಿರುವ ನೀರಿನಲ್ಲಿ ಇದು ಸಾಮಾನ್ಯ. ಹಳೆಯ ಎಲೆಯಲ್ಲಿ ಕಿತ್ತಳೆ ಚುಕ್ಕೆ ಬಂದು ತುದಿ ಒಣಗಿದರೆ ಪೊಟ್ಯಾಶ್ ಕೊರತೆ. ಅಂಥ ಎಲೆ ಚೆಂದಕ್ಕಾಗಿ ಕತ್ತರಿಸಬ್ಯಾಡ್ರಿ, ಗಿಡ ಅದರಿಂದಲೇ ಪೊಟ್ಯಾಶ್ ಎಳೆದುಕೊಳ್ಳುತ್ತಿರುತ್ತದೆ. ಹಸಿ ಗಾಯ ಕೆಂಪು ಮೂತಿ ಹುಳುವನ್ನೂ ಕರೆಯುತ್ತದೆ.

ನೆರಳಲ್ಲಿ ಬೆಳೆದ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ಹಾಕಬಾರದು. ಮುಂಗಾರು ಹಿಡಿದ ಮೇಲೆ ಮೋಡದ ದಿನ ನೋಡಿ ಹಂತಹಂತವಾಗಿ ಹೊರಗೆ ತನ್ನಿ.

ದುಡ್ಡಿನ ಲೆಕ್ಕ ಪ್ರಾಮಾಣಿಕವಾಗಿ

"ಎಕರೆಗೆ ಇಷ್ಟು ಲಕ್ಷ" ಅನ್ನುವ ವಿಡಿಯೋಗಳಿಗೆ ನಾನು ಜೊತೆಯಾಗಲಾರೆ. ಪಾಮ್ ನಿಧಾನದ ವ್ಯವಹಾರ. ಚೀಲದ ಸಸಿ ಮಾರಲು ಒಂದು ಎರಡು ವರ್ಷ, ಕಾಂಡ ಕಟ್ಟಿದ ಈಚಲಕ್ಕೆ ಅದಕ್ಕಿಂತ ಬಹಳ ಹೆಚ್ಚು. ಹತ್ತಿ, ಭತ್ತ, ಮೆಣಸಿನಕಾಯಿ ಬಿಟ್ಟು ಇದಕ್ಕೆ ಹೊಲ ಕೊಡಬ್ಯಾಡ್ರಿ. ಮನೆ ಪಕ್ಕದ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಜಾಗ ಸಾಕು. ಮಾರದೆ ಉಳಿದ ಈಚಲ ಸಸಿಯನ್ನು ಮುಂಗಾರಿಗೆ ಬದುವಿಗೆ ಹಚ್ಚಿದರೆ ಅದು ನಷ್ಟ ಅಲ್ಲ, ಮುಂದಿನ ಆಸ್ತಿ.

ಲೆಕ್ಕ ಹಾಕುವಾಗ ನಮ್ಮ ಹುಡುಗರು ಒಂದು ಕಡೆ ಎಡವುತ್ತಾರೆ. ಉದಾಹರಣೆಗೆ 500 ಬೀಜ ಹಾಕಿದಿರಿ ಅಂದುಕೊಳ್ಳಿ. 300 ಮೊಳೆತವು. ಕೊಳೆರೋಗ, ಇಲಿ, ಬಿಸಿಲು ಅಂತ 60 ಹೋದವು. ಉಳಿದದ್ದು 240. ಚೀಲ, ಮಿಶ್ರಣ, ಪರದೆ, ಕೂಲಿ ಸೇರಿ ವರ್ಷಕ್ಕೆ 9,600 ರೂಪಾಯಿ ಖರ್ಚು ಅಂತ ಇಟ್ಟುಕೊಂಡರೆ ಒಂದು ಗಿಡಕ್ಕೆ ಬಿದ್ದದ್ದು 40 ರೂಪಾಯಿ. ಇದನ್ನೇ 500ರಿಂದ ಭಾಗಿಸಿ "ಗಿಡಕ್ಕೆ 20 ರೂಪಾಯಿ ಸಹ ಬೀಳಲಿಲ್ಲ" ಅಂದುಕೊಂಡರೆ 30 ರೂಪಾಯಿಗೆ ಮಾರಿ ಲಾಭ ಅಂತ ಕುಣಿಯುತ್ತೀರಿ, ನಿಜದಲ್ಲಿ ಗಿಡಕ್ಕೆ 10 ರೂಪಾಯಿ ಕಳೆದುಕೊಂಡಿರುತ್ತೀರಿ. ಮಾರಲು ನಿಂತ ಗಿಡದಿಂದಲೇ ಭಾಗಿಸಬೇಕು. ನಿಮ್ಮ ಸ್ವಂತ ದುಡಿಮೆಗೂ ಕೂಲಿ ಹಿಡೀರಿ.

ಗಿರಾಕಿ ಯಾರು? ಮೊದಲು ಊರಿನ ಸುತ್ತಲಿನವರೇ. ಲೇಔಟ್ ಮಾಡುವವರು, ಶಾಲೆಯವರು, ಮಠದವರು, ಹೊಸ ಮನೆ ಕಟ್ಟುವವರು. ಅವರಿಗೆ ನೀವು ಹೇಳಬಹುದಾದ, ಲಾರಿಯವರು ಹೇಳಲಾಗದ ಮಾತೊಂದಿದೆ: "ಇದು ಇದೇ ಬಿಸಿಲು, ಇದೇ ನೀರಲ್ಲಿ ಹುಟ್ಟಿದ ಗಿಡ, ಒಣಗಿದ್ರ ಬಂದು ನೋಡ್ತೀನಿ." ಸಸಿಯ ಫೋಟೊ, ಬಿತ್ತಿದ ತಾರೀಖು, ಜಾತಿಯ ಸರಿಯಾದ ಹೆಸರು ವಾಟ್ಸಾಪ್‌ನಲ್ಲಿ ಹಾಕ್ರಿ. ಹೈದರಾಬಾದಿನಂಥ ದೊಡ್ಡ ಮಾರುಕಟ್ಟೆ ನಮಗೆ ದೂರವಲ್ಲ, ನಿಜ. ಆದರೆ ಅದು ಕೈ ಪಳಗಿದ ಮೇಲಿನ ಮಾತು.

"ಇದೆಲ್ಲಾ ತಿನ್ನಾಕ ಬರಲಾರದ ಗಿಡ, ಯಾಕ ಬೇಕು?"

ಹಿರಿಯರು ಹೀಗೆ ಕೇಳುತ್ತಾರೆ. ಕೇಳಲೇಬೇಕು. ನೀರು ಇಲ್ಲದ ನಾಡಿನಲ್ಲಿ ಶ್ರೀಮಂತರ ಗೇಟಿನ ಅಂದಕ್ಕೆ ಗಿಡ ಬೆಳೆಯೋದು ಸರಿಯಾ ಅನ್ನೋದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು. ಗೇಟಿನ ಮುಂದೆ ಗಿಡ ಹೇಗಿದ್ದರೂ ಬರುತ್ತದೆ. ಬರುವುದಾದರೆ ಬೇಸಿಗೆ ತುಂಬ ಟ್ಯಾಂಕರ್ ನೀರು ಕುಡಿಯುವ ರಾಯಲ್ ಪಾಮ್ ಬರಬೇಕಾ, ಬೇರು ಹಿಡಿದ ಮೇಲೆ ತನ್ನ ಪಾಡಿಗೆ ತಾನು ಬದುಕುವ ಈಚಲ ಬರಬೇಕಾ? ದುಡ್ಡು ಲಾರಿ ಹತ್ತಿ ಹೊರಗೆ ಹೋಗಬೇಕಾ, ಮಲ್ಲಟದ ಹುಡುಗನ, ಹುಡುಗಿಯ ಕೈಗೆ ಸೇರಬೇಕಾ? ಹಳ್ಳದ ಗಿಡ ಕಿತ್ತು ಹೋಗಬೇಕಾ, ಹಳ್ಳದ ಬೀಜದಿಂದ ಹೊಸ ಗಿಡ ಏಳಬೇಕಾ? ಪ್ರಶ್ನೆ ಹೀಗೆ ಇಟ್ಟರೆ ಹಿರಿಯರೂ ಬೀಜದ ಕಡೆಗೇ ಬರುತ್ತಾರೆ ಅಂತ ನನ್ನ ನಂಬಿಕೆ.

ಈ ವಾರ ಮಾಡಬೇಕಾದ್ದು ಮೂರೇ ಕೆಲಸ. ಒಂದು, ಬೋರಿನ ನೀರು ಒಂದು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡ್ರಿ. ಎರಡು, ನಿಮ್ಮ ಊರಿನ ಹಳ್ಳದಲ್ಲಿ ಅಂದವಾದ ಈಚಲ ನಾಲ್ಕೈದು ಗುರುತಿಸಿ, ಫೋನಿನಲ್ಲಿ ಫೋಟೊ, ಲೊಕೇಶನ್ ಉಳಿಸಿಕೊಳ್ರಿ, ಹಣ್ಣಾದಾಗ ಹೋಗಲು. ಮೂರು, ಅಲ್ಲಿಯವರೆಗೆ ಕೈ ಕಟ್ಟಿ ಕೂರಬ್ಯಾಡ್ರಿ. ಅಂಗಡಿಯಿಂದ ತಂದ ಖರ್ಜೂರ ತಿಂದು ಉಗುಳುವ ಬೀಜ ಇಪ್ಪತ್ತು ತೊಳೆದು, ಎರಡು ದಿನ ನೆನೆಸಿ, ಜಿಪ್ ಕವರಿನಲ್ಲಿ ಹಾಕಿ ಅಭ್ಯಾಸ ಮಾಡ್ರಿ. ಎಷ್ಟು ಮೊಳೆತವು, ಯಾವ ದಿನ ಮೊಳೆತವು ಅಂತ ಬರೆದಿಡ್ರಿ. ಆ ಒಂದು ಹಾಳೆ ನಿಮ್ಮ ನರ್ಸರಿಯ ಮೊದಲ ದಾಖಲೆ.